ಮಾರೆನ್ ಕೇಳಿದ್ದೇನು

ಧಾರಾವಾಹಿ ನಿಂತುಹೋದ ಸುದ್ದಿ ಮೃಣಾಲಿನಿಗೆ ಸಿಕ್ಕಿದ್ದು ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಉತ್ತರಪತ್ರಿಕೆ ತಿದ್ದುವ ನಡುವೆ ಫೋನ್ ನೋಡಿದಾಗ. ‘ಕೊನೆಯ ಹಡಗಿ’ನ ನಾಲ್ಕನೆಯ ಸೀಸನ್ ಬರುವುದಿಲ್ಲ, ನೋಡುವವರು ಕಡಿಮೆ ಎಂದು ಅದನ್ನು ತಯಾರಿಸುತ್ತಿದ್ದ ವಿದೇಶಿ ಕಂಪನಿ ಎರಡು ಸಾಲಿನಲ್ಲಿ ಹೇಳಿ ಕೈ ತೊಳೆದುಕೊಂಡಿತ್ತು. ಅವಳಿಗೆ ತಟ್ಟನೆ ನೆನಪಾದದ್ದು ಅಪ್ಪ.

ಅಪ್ಪ ಬಾಳಕೃಷ್ಣ ತಬಲಾ ನುಡಿಸುತ್ತಿದ್ದವರು. ಧಾರವಾಡದಲ್ಲಿ ಅವರು ಸಾಥ್ ಕೊಡದ ಗಾಯಕರು ಕಡಿಮೆ. ಅಂಥವರ ಕಿವಿ ಅರವತ್ತೈದು ದಾಟಿದ ಮೇಲೆ ಮೆಲ್ಲಗೆ ಮುಚ್ಚಿಕೊಳ್ಳತೊಡಗಿತು. ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ತಂಬೂರಿಯೂ ತಗಡು ಬಡಿದಂತೆ ಕೇಳಿಸಿದ್ದರಿಂದ ಅದನ್ನು ತೆಗೆದು ಡಬ್ಬಿಗೆ ಹಾಕಿಬಿಟ್ಟರು. ಹೆಂಡತಿ ತೀರಿಕೊಂಡ ಮೇಲೆ ಸಪ್ತಾಪುರದಲ್ಲಿ ಮಗಳು ಅಳಿಯನ ಜೊತೆಗೇ ಇದ್ದರು. ಕಛೇರಿಗಳಿಗೆ ಯಾರು ಕರೆದರೂ ಹೋಗುತ್ತಿರಲಿಲ್ಲ. “ಮಂದಿ ಉಣ್ಣೂದನ್ನ ಕಿಡಕ್ಯಾಗ ನಿಂತು ನೋಡಿಧಂಗ ಆಗ್ತದ” ಎನ್ನುತ್ತಿದ್ದರು. ತುಟಿ ನೋಡಿ ಸಣ್ಣ ಮಾತು ತಿಳಿದುಕೊಳ್ಳುತ್ತಿದ್ದರು. ಉದ್ದನೆಯದಿದ್ದರೆ ಮೃಣಾಲಿನಿ ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಬೇಕು. ಹಾಗಾಗಿ ಮನೆಯಲ್ಲಿ ಅವರೊಂದಿಗೆ ಮಾತೆಂದರೆ ಊಟ, ಗುಳಿಗೆ, ಸ್ನಾನದ ನೀರು, ಇಷ್ಟೇ ಉಳಿದಿತ್ತು.

ಎರಡು ವರ್ಷದ ಹಿಂದೆ ಒಂದು ರವಿವಾರ ಅವಳು ಲ್ಯಾಪ್‌ಟಾಪಿನಲ್ಲಿ ಈ ಧಾರಾವಾಹಿ ನೋಡುತ್ತಿದ್ದಾಗ ಅಪ್ಪ ಬೆನ್ನ ಹಿಂದೆ ಬಂದು ನಿಂತರು. ತೆರೆಯ ಮೇಲೆ ಒಂದು ಹಡಗು ನಕ್ಷತ್ರಗಳ ನಡುವೆ ತೇಲುತ್ತಿತ್ತು.

“ಇದಕ್ಕ ಸಪ್ಪಳ ಎಷ್ಟದ?”

“ಸಪ್ಪಳನ ಇಲ್ರಿ” ಎಂದು ಕೈಯಾಡಿಸಿದಳು. ಆಮೇಲೆ ಬರೆದು ತೋರಿಸಿದಳು: ಅಲ್ಲೆ ಗಾಳಿ ಇಲ್ಲ, ಯಾರಿಗೂ ಏನೂ ಕೇಳೂದಿಲ್ಲ.

“ಯಾರಿಗೂ?” ಎಂದು ಅಪ್ಪ ಕುರ್ಚಿ ಎಳೆದುಕೊಂಡು ಕೂತರು.

ತೆರೆಯ ಕೆಳಗೆ ಮೂಡುವ ಇಂಗ್ಲಿಷ್ ಅಕ್ಷರಗಳು ಅವರು ಓದಿ ಮುಗಿಸುವಷ್ಟರಲ್ಲಿ ಓಡಿಹೋಗುತ್ತಿದ್ದವು. ಅದಕ್ಕೆ ಮೃಣಾಲಿನಿ ತಾನೇ ಪ್ರತಿ ಮಾತನ್ನೂ ಕನ್ನಡದಲ್ಲಿ ಟೈಪ್ ಮಾಡಿ ದೃಶ್ಯದ ಕೆಳಗೆ ಕೂಡಿಸತೊಡಗಿದಳು. ಮೊದಲು ಪುಸ್ತಕದ ಕನ್ನಡದಲ್ಲಿ ಬರೆದಳು. ಅಪ್ಪನಿಗೆ ಹಿಡಿಸಲಿಲ್ಲ. “ಈ ಕ್ಯಾಪ್ಟನ್ ಏನು ಸಾಲ್ಯಾಗ ಪಾಠಾ ಓದ್ಲಿಕ್ಕತ್ತಾನೇನು?” ಎಂದರು. ಅಂದಿನಿಂದ ಹಡಗಿನ ತುಂಬ ಧಾರವಾಡದ ಮಾತು. ಎಂಜಿನು ಕೆಟ್ಟಾಗ ಕ್ಯಾಪ್ಟನ್ “ಲಗೂ ಮಾಡ್ರಿ, ಗಾಳಿ ತೀರಲಿಕ್ಕತ್ತದ” ಎಂದು ಕೂಗುತ್ತಿದ್ದ. ಅಪ್ಪ ತೊಡೆ ತಟ್ಟಿ ನಗುತ್ತಿದ್ದರು.

ಅವರಿಗೆ ಎಲ್ಲರಿಗಿಂತ ಮೆಚ್ಚಿನವಳು ಮಾರೆನ್. ವಯಸ್ಸಾದ ಹೆಂಗಸು, ಎಂದೋ ಕಳೆದುಹೋದ ಇನ್ನೊಂದು ಹಡಗಿನ ಸಂಕೇತ ಬಂದೀತೆಂದು ವರ್ಷಗಟ್ಟಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವಳು. ಅಪ್ಪ ಅವಳನ್ನು ಮಾರೆವ್ವ ಮಾಡಿದ್ದರು. ಮೂರನೆಯ ಸೀಸನ್ನಿನ ಕೊನೆಗೆ ಕಡೆಗೂ ಏನೋ ಕೇಳಿಸುತ್ತದೆ. ಮಾರೆನ್ ಮುಖ ಬದಲಾಗುತ್ತದೆ. ತೆರೆ ಕಪ್ಪಾಗುತ್ತದೆ. ಅಲ್ಲಿಂದ ಮುಂದೆ ಒಂದು ವರ್ಷ ಅಪ್ಪ ಕಾದಿದ್ದರು.

ಈಗ ಈ ಸುದ್ದಿಯನ್ನು ಅಪ್ಪನಿಗೆ ಹೇಳುವ ಧೈರ್ಯ ಮೃಣಾಲಿನಿಗೆ ಬರಲಿಲ್ಲ.

“ಹೇಳಿಬಿಡು” ಎಂದ ಗಂಡ ಶ್ರೀರಂಗ. “ಒಂದು ಹೋದರ ಇನ್ನೊಂದು ಬರ್ತದ. ಬ್ಯಾರೆ ಯಾವುದರೆ ತೋರಸು.”

“ಅವರಿಗೆ ಬ್ಯಾರೆ ಬ್ಯಾಡ್ರಿ. ಮಾರೆವ್ವ ಏನ ಕೇಳಿದ್ಲು ಅಂತ ಬೇಕಾಗೇದ.”

ರವಿವಾರಗಳು ಕಳೆದವು. “ಬಂತೇನ?” ಎಂದು ಅಪ್ಪ ಕೇಳುವುದು, “ಇನ್ನೂ ಇಲ್ಲ” ಎಂದು ಇವಳು ತಲೆಯಾಡಿಸುವುದು. ಕೊನೆಗೆ ಅವಳು ಒಂದು ಉಪಾಯ ಮಾಡಿದಳು. ಎರಡನೆಯ ಸೀಸನ್ನಿನಲ್ಲಿ ಮಾರೆನ್ ಕ್ಯಾಪ್ಟನ್ನನ ಮುಂದೆ ಕೂತು ತನ್ನ ಬಾಲ್ಯದ ಕತೆ ಹೇಳುವ ದೃಶ್ಯವಿತ್ತು; ನೋಡಿ ಬಹಳ ದಿನವಾದ್ದರಿಂದ ಅಪ್ಪನಿಗೆ ಗುರುತು ಹತ್ತಲಾರದು ಎನ್ನಿಸಿತು. ಅದನ್ನೂ ಹಡಗು ತಿರುಗುವ ಒಂದು ದೃಶ್ಯವನ್ನೂ ಜೋಡಿಸಿ ಕೆಳಗೆ ಹೊಸ ಮಾತು ಬರೆದಳು. ಆ ಹಡಗಿನವರು ಬದುಕಿದ್ದಾರೆ, ದಾರಿ ಸಿಕ್ಕಿದೆ, ಎಲ್ಲರೂ ಮನೆಗೆ ಹೋಗೋಣ. ಛಲೋ ಬಂದಿದೆ ಎಂದುಕೊಂಡಳು.

ಮುಂದಿನ ರವಿವಾರ ‘ಬಂತು’ ಎಂದು ಬರೆದು ತೋರಿಸಿದಳು. ಅಪ್ಪ ಹೊಸ ಅಂಗಿ ತೊಟ್ಟು ಬಂದು ಕೂತರು. ನೋಡಿದರು. ಮುಗಿದ ಮೇಲೆ ಕೈ ಸನ್ನೆ ಮಾಡಿದರು. “ಇನ್ನೊಮ್ಮೆ ಹಚ್ಚು.”

ಎರಡನೆಯ ಸಲ ನೋಡುವಾಗ ಅವರ ಬೆರಳು ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿದ್ದವು. ನಡುವೆ ನಿಂತವು.

“ಮೃಣಾಲ, ಇದನ್ನ ನೀ ಮಾಡಿಯಲ್ಲ?”

ಅವಳು ದೃಶ್ಯ ನಿಲ್ಲಿಸಿದಳು.

“ನೀ ಬರದದ್ದಕ್ಕೂ ಅಕಿ ತುಟಿಗೂ ಲಯ ಕೂಡವಲ್ತು. ನೀ ನಾಕ ಅಕ್ಷರ ಬರದೀ, ಅಕಿ ಹತ್ತು ಹೇಳ್ಲಿಕ್ಕತ್ತಾಳ.” ಅವರ ದನಿ ಯಾವಾಗಲೂ ದೊಡ್ಡದು, ಈಗ ಸಣ್ಣಗಾಗಿತ್ತು. “ಖರೇ ಹೇಳು. ಏನಾತು?”

ಅವಳು ಫೋನ್ ತೆಗೆದು ಬರೆದಳು: ನಿಲ್ಲಿಸಿಬಿಟ್ಟಾರ. ಇನ್ನ ಬರೂದಿಲ್ಲ.

ಅಪ್ಪ ಓದಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಓದಿದರು. ಬೈಯುತ್ತಾರೆಂದು ಅವಳು ಕಾದಳು. ಅವರು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಚಹಾ ಒಯ್ದರೆ ಮುಟ್ಟಲಿಲ್ಲ.

ಮರುದಿನ ಮುಂಜಾನೆ ಅವರೇ ಅಡುಗೆಮನೆಗೆ ಬಂದರು. “ಒಂದ ಸಲ ಹುಬ್ಬಳ್ಳ್ಯಾಗ ಕಛೇರಿ ಇತ್ತು. ಹಾಡಾವರಿಗೆ ಏಕದಂ ಎದಿ ನೋವು ಬಂತು. ಅರ್ಧಕ್ಕ ಎತ್ತಿಕೊಂಡು ಹೋದ್ರು. ಮುಂದ ಅವರು ಹಾಡಲೇ ಇಲ್ಲ. ಯಾರೋ ಅಂದ್ರು, ನೀವರೆ ಒಂದು ತಿಹಾಯಿ ಬಾರಿಸಿ ಮುಗಿಸಿಬಿಡ್ರಿ ಅಂತ. ನಾ ತಬಲಾ ಮುಟ್ಟಲಿಲ್ಲವಾ. ಅದು ಅವರದು. ಅಲ್ಲೆ ನಿಂತದ್ದು ಅಲ್ಲೇ ನಿಂತಿರಬೇಕು.” ಆಮೇಲೆ ಕೇಳಿದರು, “ಅಲ್ಲಾ, ಆ ಕತಿ ಬರದಾವರಿಗರೆ ಗೊತ್ತಿರ್ತದಲ್ಲ? ಅಕಿ ಏನ ಕೇಳಿದ್ಲು ಅಂತ? ಅವರಿಗೆ ಒಂದು ಮಾತು ಕೇಳು.”

ಮೃಣಾಲಿನಿ ಆ ಕಂಪನಿಗೆ ಇಮೇಲ್ ಕಳಿಸಿದಳು. ನಿಮ್ಮ ಪತ್ರ ತಲುಪಿದೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಯಂತ್ರದ ಉತ್ತರ ಬಂತು. ಅದನ್ನೂ ಕನ್ನಡ ಮಾಡಿ ಅಪ್ಪನಿಗೆ ತೋರಿಸತೊಡಗಿದವಳು, ‘ಅಮೂಲ್ಯ’ ಎಂದು ಬರೆಯುವಷ್ಟರಲ್ಲಿ ಬಿಕ್ಕಿ ಅತ್ತುಬಿಟ್ಟಳು. ಅಪ್ಪನ ದುಃಖ ಸಂಬಾಳಿಸುವುದರಲ್ಲೇ ಇದ್ದವಳಿಗೆ ತನಗೂ ಏನೋ ಹೋಗಿದೆ ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ವಾರವೆಲ್ಲ ಕೂತು ಅಪ್ಪನಿಗಾಗಿ ಹುಡುಕುತ್ತಿದ್ದ ಒಂದೊಂದು ಮಾತು, ಅದಕ್ಕೆ ಅವರು ನಗುತ್ತಾರೋ ಇಲ್ಲವೋ ಎಂದು ಅವರ ಮುಖವನ್ನೇ ನೋಡುತ್ತಿದ್ದ ರವಿವಾರ, ಅದೂ ನಿಂತುಹೋಗಿತ್ತು.

ಅಪ್ಪ ಗಾಬರಿಯಾದರು. ಹತ್ತಿರ ಎಳೆದುಕೊಂಡು ಕಣ್ಣೊರೆಸುವ ವಯಸ್ಸಿನವಳಲ್ಲ ಮಗಳು. ಆದರೂ ತಲೆ ಮೇಲೆ ಕೈಯಿಟ್ಟರು. “ನಿನಗೂ ಇಷ್ಟು ಬ್ಯಾಸರ ಆಗೇದೇನ? ನಾ ಒಬ್ಬಾಂವನ ಹುಚ್ಚ ಅಂತ ತಿಳದಿದ್ದೆ.”

ಮುಂದಿನ ರವಿವಾರ ನಾಲ್ಕು ಗಂಟೆಗೆ ಇಬ್ಬರೂ ರೂಢಿಯಂತೆ ಅದೇ ಕುರ್ಚಿಗಳಲ್ಲಿ ಕೂತರು. ಲ್ಯಾಪ್‌ಟಾಪ್ ಮುಚ್ಚಿಯೇ ಇತ್ತು. ಬೇರೆ ಏನಾದರೂ ಹಚ್ಚಲೇ ಎಂದು ಅವಳು ಸನ್ನೆಯಲ್ಲಿ ಕೇಳಿದಳು. ಅಪ್ಪ ಬೇಡವೆಂದರು.

“ನಡಿ, ಯುನಿವರ್ಸಿಟಿ ಕಡೆ ಹೋಗಿಬರೂಣು.”

ಗೇಟು ದಾಟಿ ಗಿಡಗಳ ಕೆಳಗಿನ ರಸ್ತೆಗೆ ಬಂದಾಗ ಅಪ್ಪ ಒಮ್ಮೆಲೇ ಕೇಳಿದರು, “ನೀ ಕಾಲೇಜಿನ್ಯಾಗ ಹುಡುಗರಿಗೆ ಕಲಸೂದು ಏನವಾ? ನಾ ಒಮ್ಮೆನೂ ಕೇಳೇ ಇಲ್ಲ.”

ಅದನ್ನು ಒಂದೇ ಮಾತಿನಲ್ಲಿ ಹೇಳುವಂತಿರಲಿಲ್ಲ. ಮೃಣಾಲಿನಿ ಅಲ್ಲಿಯೇ ಒಂದು ಕಟ್ಟೆ ನೋಡಿ ಕೂತು, ಪಕ್ಕದಲ್ಲಿ ಅಪ್ಪನನ್ನು ಕೂರಿಸಿಕೊಂಡು ಟೈಪ್ ಮಾಡತೊಡಗಿದಳು. ಅಪ್ಪ ಅವಳ ಭುಜದ ಮೇಲಿಂದ ಬಗ್ಗಿ, ಅವಳು ಬರೆದಷ್ಟನ್ನೂ ಅಲ್ಲಲ್ಲೇ ಓದತೊಡಗಿದರು.