ದಾರದೊಳಗಿನ ಒಲೆ

"ಚಪ್ಪಲಿ ಬಿಚ್ಚೇ ಮುಂಡೆ! ಎರಡು ಸಾವಿರ ವರ್ಷದ ನೆಲ ಅದು, ನಿಮ್ಮಪ್ಪನ ಅಂಗಳ ಅಲ್ಲ!"

ಪುರಾತತ್ವ ಇಲಾಖೆಯ ಸಾಹೇಬರು ಗುಂಡಿಯ ಅಂಚಿನಲ್ಲಿ ಕೊಡೆ ಹಿಡಿಸಿಕೊಂಡು ನಿಂತಿದ್ದರು. ಒಳಗೆ ಕುಕ್ಕರಗಾಲಲ್ಲಿ ಕೂತು ಕೂಲಿಗೆ ಮಣ್ಣು ಕೆರೆಯುತ್ತಿದ್ದ ಕರಣೆಯಕ್ಕ ಚಪ್ಪಲಿ ಬಿಚ್ಚಿ ದಾರದಾಚೆ ಎಸೆದಳು. ಅಪ್ಪನದಲ್ಲದಿದ್ದರೂ ಅದು ಅವಳ ಮಾವನ ಅಂಗಳವೇ. ಹೊಸ್ತಿಲು ಹತ್ತು ಹೆಜ್ಜೆಯಾಚೆ ಇತ್ತು. ರಸ್ತೆ ಅಗಲ ಮಾಡುವ ಮೊದಲು ನೆಲದಡಿ ಹಳೆಯದೇನಿದೆ ಎಂದು ನೋಡಲು ಬಂದವರಿಗೆ ನೆಲದ ಮೇಲಿರುವವರು ಕಾಣುವುದಿಲ್ಲ. ನಾಲ್ಕು ಗೂಟ ಬಡಿದು ಬಿಳಿ ದಾರ ಕಟ್ಟಿದರೆ ಮುಗಿಯಿತು, ಮಂತ್ರಿ ಬಂದರೂ ಚಪ್ಪಲಿ ಆಚೆ.

ಅಗೆತ ಶುರುವಾದ ದಿನವೇ ಸಾಹೇಬರು ಗುಮಾಸ್ತನಿಗೆ ಬರೆಸಿದ್ದರು: "ಮೇಲಿನ ಪದರ. ಇತ್ತೀಚಿನ ಕಸ. ಎತ್ತಿ ಬಿಸಾಕಿ." ಆ ಕಸದಲ್ಲಿ ಮಾವ ಕೈಯಾರೆ ಹಾಕಿದ ಗಾರೆಯಿತ್ತು, ಮಗಳು ಅತ್ತು ಕರೆದು ಹುಡುಕಿದ್ದ ಗೋಲಿಯಿತ್ತು. ಕರಣೆಯಕ್ಕ ತಾನೇ ಬುಟ್ಟಿ ತುಂಬಿ ಸುರಿದಳು.

ಕರಣೆಯ ಹಿಡಿಯಿಂದ ತಟ್ಟಿ, ಕೆಳಗಿರುವುದು ಬರೀ ಮಣ್ಣೋ ಹಳೆಯ ನೆಲವೋ ಎಂದು ಹೇಳುವುದರಲ್ಲಿ ಅವಳ ಕಿವಿಗೆ ಸಾಟಿಯಿಲ್ಲ. ಹೆಸರು ಬಂದದ್ದೂ ಅದರಿಂದಲೇ. ಅವತ್ತೂ ತಟ್ಟಿದಳು, ಕೆರೆದಳು. ಮೂರು ಸುಟ್ಟ ಕಲ್ಲು, ನಡುವೆ ಬೂದಿ.

"ಒಲೆ ಸಾಮಿ."

"ಇಲ್ಲೇ ಸಿಗುತ್ತೆ ಅಂತ ನಾನು ಹೇಳಿರ್ಲಿಲ್ವಾ!" ಸಾಹೇಬರು ಬೂಟು ಕಿತ್ತೆಸೆದು ಇಳಿದರು. ಬೂದಿಯ ಪಕ್ಕ ಬೋರಲು ಮಲಗಿ ಫೋಟೊ ತೆಗೆಸಿಕೊಂಡರು. ಮನೆಯಲ್ಲಿ ಹೆಂಡತಿಯ ಒಲೆಯನ್ನು ಅಷ್ಟು ಹತ್ತಿರದಿಂದ ಯಾವತ್ತು ನೋಡಿದ್ದರೋ! ಒಲೆಗೆ ಒಂದು ಚೀಟಿ ಕಟ್ಟಿದರು: 'ಕೆಳಗಿನ ಪದರ. ಒಲೆ. ಎರಡು ಸಾವಿರ ವರ್ಷ.'

ವಾರ ಕಳೆದು ರಸ್ತೆಯ ಇಂಜಿನಿಯರ್ ನಕ್ಷೆ ಹರಡಿದ. ಮೊದಲು ಅಂಗಳ ಮಾತ್ರ ಹೋಗುವುದಿತ್ತು. ಈಗ ಒಲೆ ಉಳಿಸಬೇಕು, ಎದುರುಗಡೆ ಊರ ಧಣಿಗಳ ಮಳಿಗೆ ಮುಟ್ಟುವ ಹಾಗಿಲ್ಲ. ರಸ್ತೆ ಒಲೆಯನ್ನು ಸುತ್ತಿಹೋಗಿ ಮನೆಸಾಲಿನ ಮೇಲೆ ಹಾಯುತ್ತದೆ.

"ಒಳಗೆ ನಾವಿದೀವಲ್ಲ ಸಾಮಿ?"

"ಮನೆಗೆ ಎಷ್ಟು ವರ್ಷ?"

"ನಲವತ್ತು."

"ನಲವತ್ತಾ?" ಸಾಹೇಬರು ಬಿದ್ದು ಬಿದ್ದು ನಕ್ಕರು. "ಇನ್ನೂ ಹಾಲು ಕುಡಿಯೋ ಕೂಸು. ನೂರಾದ್ರೂ ಆಗಿದ್ರೆ ನೋಡ್ಬಹುದಿತ್ತು."

ಅತ್ತೆಗೆ ವಿಷಯ ತಿಳಿದಾಗ ಆಕೆ ಒಲೆ ಊದುತ್ತಿದ್ದಳು. "ಯಾವ ಕಾಲದಲ್ಲೋ ಯಾವಳೋ ಬೇಯಿಸಿದ್ಲು ಅಂತ ನನ್ನ ಒಲೆ ಒಡೀತಾರಾ? ಅವಳನ್ನೇ ಕರ್ಕೊಂಡ್ಬರ್ಲಿ, ಕೇಳ್ತೀನಿ. ಅವಳಾದ್ರೂ ಒಪ್ತಾಳಾ?"

ಕರಣೆಯಕ್ಕ ಕೈಯಲ್ಲಿದ್ದ ಕರಣೆಯನ್ನು ನೋಡಿದಳು. ತನ್ನ ಮನೆಯನ್ನು ತಾನೇ ತಟ್ಟಿ ಕೆಡವಿದ್ದು ಅದರಿಂದಲೇ.

ಕೆಡವುವ ಯಂತ್ರ ಬಂದ ಬೆಳಿಗ್ಗೆ ಮನೆಯ ಸುತ್ತ ಸಾಹೇಬರ ಕಣ್ಣಿಗೆ ಬಿದ್ದದ್ದು ಅವರದೇ ಇಲಾಖೆಯ ದಾರ. ನಾಲ್ಕು ಮೂಲೆಗೆ ನಾಲ್ಕು ಗೂಟ, ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ತೆರೆದ ಬಾಗಿಲಿನೊಳಗೆ ಒಲೆ ಉರಿಯುತ್ತಿತ್ತು, ಅತ್ತೆ ಮುಂದೆ ಕೂತಿದ್ದಳು. ಒಲೆಯ ಮೇಲಿನ ಮೊಳೆಯಲ್ಲಿ ಒಂದು ಚೀಟಿ ತೂಗುತ್ತಿತ್ತು. ಕರಣೆಯಕ್ಕ ಮಗಳ ಕೈಲಿ ಬರೆಸಿದ್ದು: 'ಮೇಲಿನ ಪದರ. ಒಲೆ. ಇನ್ನೂ ಬಿಸಿ.'

"ಯಾವಳೇ ದಾರ ಕದ್ದೋಳು? ಕಿತ್ತಾಕೇ!" ಸಾಹೇಬರು ದಾಪುಗಾಲು ಹಾಕುತ್ತ ಬಂದು ದಾರ ದಾಟಲು ಕಾಲೆತ್ತಿದರು.

"ಬೂಟು ಬಿಚ್ಚೋ ಮುಂಡೇಮಗನೇ!" ಕರಣೆಯಕ್ಕ ಹೊಸ್ತಿಲಲ್ಲಿ ಕರಣೆ ಹಿಡಿದು ನಿಂತಿದ್ದಳು. "ನಲವತ್ತು ವರ್ಷದ ನೆಲ ಇದು!"

ದಾರ ಕಂಡರೆ ಬೂಟು ಬಿಚ್ಚುವುದು ಸಾಹೇಬರಿಗೆ ಇಡೀ ಜೀವಮಾನದ ಅಭ್ಯಾಸ. ಎತ್ತಿದ ಕಾಲು ದಾರದ ಮೇಲೆಯೇ ನಿಂತುಬಿಟ್ಟಿತು. ಹಿಂದೆ ಯಂತ್ರ ಗುರುಗುಡುತ್ತ, ಅವರ ಕೈಸನ್ನೆಗೆ ಕಾಯುತ್ತಿತ್ತು. ಆ ಗದ್ದಲದಲ್ಲೂ ಕರಣೆಯಕ್ಕನ ಕಿವಿಗೆ ಪಕ್ಕದ ಮನೆಯಿಂದ ಗೂಟ ಬಡಿಯುವ ಸದ್ದು ಕೇಳಿಸಿತು. ಆಮೇಲೆ ಅದರಾಚೆಯ ಮನೆಯಿಂದಲೂ.