ಅಜ್ಜಿಗುಂಡಿ

ರಸ್ತೆ ಸರಿಮಾಡಿ ಸಂಬಳ ತೆಗೆದುಕೊಳ್ಳುವವರನ್ನು ಲೋಕ ನೋಡಿದೆ, ಸರಿಮಾಡದೆ ತೆಗೆದುಕೊಳ್ಳುವವರನ್ನು ಇನ್ನೂ ಹೆಚ್ಚು ನೋಡಿದೆ. ರಸ್ತೆ ಹಾಳುಮಾಡುವುದಕ್ಕೆಂದೇ ಸಂಬಳ ಪಡೆಯುತ್ತಿದ್ದವನು ಮಾತ್ರ ಗುಂಡಿಮೇಸ್ತ್ರಿ ಒಬ್ಬನೇ. ಬೆಟ್ಟ ಹತ್ತುವ, ಹಳ್ಳ ಇಳಿಯುವ ಗಾಡಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಅವನ ಕೆಲಸ. ಗಾಡಿಯ ಮೂತಿಯ ಮೇಲೆ ಹೋತದ ತಲೆಯ ಗುರುತು, ಹಾಗಾಗಿ ಎಲ್ಲರ ಬಾಯಲ್ಲೂ ಅದು ಹೋತದ ಗಾಡಿ. ಹೊಸ ಗಾಡಿ ಪ್ರತಿಯೊಂದೂ ಹಿಂದಿನ ಬಯಲಿನ ಸುತ್ತುದಾರಿಯಲ್ಲಿ ಬಿದ್ದು ಎದ್ದು ಬಂದಮೇಲೆಯೇ ಗೇಟು ದಾಟಬೇಕು. ಮಳೆಗೆ ಗುಂಡಿ ಮುಚ್ಚಿಹೋದರೆ ಮೇಸ್ತ್ರಿ ಮತ್ತೆ ತೋಡುತ್ತಿದ್ದ, ದಿಬ್ಬ ಸವೆದರೆ ಮತ್ತೆ ಏರಿಸುತ್ತಿದ್ದ. ಅಂಚು ಚೂರು ಕುಸಿದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅವನಿಗೆ ಗುಂಡಿ ಮುದ್ದು.

ಎಲ್ಲಕ್ಕಿಂತ ಕೆಟ್ಟದ್ದು ಅಜ್ಜಿಗುಂಡಿ. ಅದರೊಳಗೆ ಇಳಿದವನು ಯಾವ ದೊರೆಯಾದರೂ ತಲೆ ಬಗ್ಗಿಸಲೇಬೇಕು, ಬಗ್ಗಿಸದಿದ್ದರೆ ಗಾಡಿಯ ಚಾವಣಿಯೇ ಮೊಟಕಿ ಬಗ್ಗಿಸುತ್ತಿತ್ತು. ಮನೆಯ ಅಜ್ಜಿಯ ಮುಂದೆ ತಲೆ ಬಗ್ಗಿಸಿದ ಹಾಗೆ, ಅದಕ್ಕೇ ಆ ಹೆಸರು.

ಅದರಲ್ಲಿ ಗಾಡಿ ಇಳಿಸುತ್ತಿದ್ದವನು ಮೇಸ್ತ್ರಿಯ ಸ್ವಂತ ತಮ್ಮ. ಅಣ್ಣ ತೋಡುವುದು, ತಮ್ಮ ಬೀಳುವುದು, ಎರಡು ಸಂಸಾರದ ಒಲೆ ಉರಿಯುತ್ತಿದ್ದದ್ದೇ ಹೀಗೆ. "ಒಡಹುಟ್ಟಿದವನಿಗೇ ಗುಂಡಿ ತೋಡ್ತೀಯಲ್ಲೋ ಪುಣ್ಯಾತ್ಮ" ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ಕಾಲೆಳೆದರೆ ಅಣ್ಣತಮ್ಮಂದಿರೇ ಮೊದಲು ನಗುತ್ತಿದ್ದರು. ತಮ್ಮನ ಬೆನ್ನು ಕೆಟ್ಟಮೇಲೆ ಆ ತಮಾಷೆ ನಿಂತಿತು. ಅವನೀಗ ಮಂಚ ಬಿಟ್ಟು ನೆಲದ ಮೇಲೆ ಮಲಗುತ್ತಿದ್ದ, ಬೂಟಿನ ಲೇಸನ್ನು ಹೆಂಡತಿ ಕಟ್ಟುತ್ತಿದ್ದಳು.

ಕಂಪನಿಯ ಬೆನ್ನೂ ಅಷ್ಟರಲ್ಲೇ ಮುರಿದಿತ್ತು. ಹಳೆಯ ಯಜಮಾನ ಸತ್ತಮೇಲೆ ಅವನ ಮಕ್ಕಳಿಬ್ಬರಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಗಾಡಿ ಕೊಳ್ಳುವವರು ಕಡಿಮೆಯಾದರು, ಅಂಗಳದಲ್ಲಿ ನಿಂತ ಹೋತಗಳ ಮೂತಿಗೆ ಧೂಳು ಮೆತ್ತಿಕೊಂಡಿತು. ಕೊನೆಗೆ ಮಾರುವುದೆಂದಾಯಿತು. ಯಾರಿಗೆ ಎನ್ನುವುದೇ ಯಾರಿಗೂ ಗೊತ್ತಿಲ್ಲ. ಒಬ್ಬನಿಗೆ ಹೋತದ ಗುರುತು ಮಾತ್ರ ಬೇಕಂತೆ, ಇನ್ನೊಬ್ಬನಿಗೆ ಜಾಗ ಮಾತ್ರ ಬೇಕಂತೆ. ಎಲ್ಲವನ್ನೂ ಇದ್ದ ಹಾಗೇ ಕೊಂಡು, ಇದೇ ಜನರಿಂದ ನಡೆಸುತ್ತೇನೆ ಅಂದವಳು ಒಬ್ಬಳೇ ಹೆಂಗಸು. ಅವಳು ಗಾಡಿ ನೋಡಲು ಬರುವವಳಿದ್ದಳು.

"ಆಕೆ ಒಪ್ಪಿದ್ರೆ ನಿನ್ನ ತಮ್ಮನ್ನ ಕುರ್ಚಿ ಕೆಲಸಕ್ಕೆ ಹಾಕ್ತೀನಿ" ಎಂದಿದ್ದ ಮ್ಯಾನೇಜರ್. "ಈ ಒಂದು ಸಲ ಅವನೇ ಓಡಿಸ್ಲಿ. ಉಳಿದ ಡ್ರೈವರುಗಳು ಆಗ್ಲೇ ಬೇರೆ ಕಡೆ ಹೋಗಿಬಿಟ್ರಲ್ಲ."

ಆ ಸಂಜೆಯೇ ತಮ್ಮನ ಹೆಂಡತಿ ಮೇಸ್ತ್ರಿಯ ಬಾಗಿಲಿಗೆ ಬಂದಳು. ಒಳಗೆ ಬಾ ಅಂದರೂ ಬರಲಿಲ್ಲ.

"ಭಾವ, ಇನ್ನೊಂದು ಸಲ ಜೋರಾಗಿ ಕುಕ್ಕಿದ್ರೆ ಎದ್ದು ನಿಲ್ಲೋದೇ ಕಷ್ಟ ಅಂದಿದಾರೆ ಡಾಕ್ಟ್ರು. ಇವ್ರು ನನ್ನ ಮಾತು ಕೇಳಲ್ಲ. ನಿಮ್ಮ ಕೈಲಿ ಏನೂ ಆಗಲ್ವಾ?"

ಮೇಸ್ತ್ರಿ ತನ್ನ ಕೈಯನ್ನೇ ನೋಡಿಕೊಂಡ. ತಮ್ಮನ ಬೆನ್ನು ಮುರಿದದ್ದು ಈ ಕೈಯೇ ಅಲ್ಲವೇ ಅನ್ನಿಸಿತು. ಆಗುತ್ತೆ ಹೋಗಮ್ಮ, ಅಂದ.

ಕೊಳ್ಳುವ ಹೆಂಗಸು ಬರುವ ಹಿಂದಿನ ದಿನ, ಇನ್ನೂ ಬೆಳಕಿರುವಾಗಲೇ, ಅಜ್ಜಿಗುಂಡಿಗೆ ಅರ್ಧದಷ್ಟು ಮಣ್ಣು ಸುರಿದ. ದಿಮ್ಮಿಸೆಯಿಂದ ಬಡಿದ, ನೀರು ಚಿಮುಕಿಸಿದ, ಮೇಲೆ ಹಳೆಯ ಕೆಸರನ್ನೇ ಸವರಿದ. ದೂರದಿಂದ ನೋಡಿದರೆ ಅಜ್ಜಿ ಹೇಗಿದ್ದಳೋ ಹಾಗೇ ಇದ್ದಳು. ಮಳೆ ಕುಡಿದು ಗಟ್ಟಿಯಾಗದ ಮಣ್ಣನ್ನು ನಂಬಬೇಡ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ತನ್ನ ಸರದಿ ಬಂದಾಗ ನಂಬಿಬಿಟ್ಟ. ತಮ್ಮನಿಗೆ ಹೇಳಲಿಲ್ಲ. ಹೇಳಿದರೆ ಅವನು ಸಲಿಕೆ ಹಿಡಿದು ತಾನೇ ತೋಡಲು ನಿಲ್ಲುತ್ತಾನೆ ಎಂದು ಗೊತ್ತಿತ್ತು.

ಕೊಳ್ಳಲು ಬಂದವಳು ಸ್ವಂತ ಬೂಟು ಹಾಕಿಕೊಂಡೇ ಬಂದಿದ್ದಳು. ಮ್ಯಾನೇಜರ್ ನೆರಳಲ್ಲಿ ಹಾಕಿಸಿದ ಕುರ್ಚಿಗಳ ಕಡೆ ತಿರುಗಿಯೂ ನೋಡದೆ ತಮ್ಮನ ಪಕ್ಕ ಹತ್ತಿ ಕೂತಳು. ಕಾರ್ಖಾನೆಯ ಗೋಡೆಗುಂಟ ಕೆಲಸಗಾರರೆಲ್ಲ ನಿಂತಿದ್ದರು.

ಆವತ್ತು ತಮ್ಮ ಓಡಿಸಿದ ಹಾಗೆ ಯಾವತ್ತೂ ಓಡಿಸಿರಲಿಲ್ಲ. ಕಲ್ಲುದಿಬ್ಬವನ್ನು ಗಾಡಿ ನಿಜವಾದ ಹೋತದ ಹಾಗೆ ಹತ್ತಿತು. ನೀರಿನ ಹೊಂಡದಿಂದ ಎದ್ದು ಬಂದಾಗ ಆ ಹೆಂಗಸು ಕಿಟಕಿಯ ಹೊರಗೆ ತಲೆ ಹಾಕಿ ನಗುತ್ತಿದ್ದಳು. ಆಮೇಲೆ ಅಜ್ಜಿಗುಂಡಿ ಬಂತು.

ಕಣ್ಣು ಕಟ್ಟಿದರೂ ಆ ಗುಂಡಿ ದಾಟುವವನು ತಮ್ಮ. ಎಲ್ಲಿ ಇಳಿಸಬೇಕು, ಎಲ್ಲಿ ತಡೆಯಬೇಕು, ಎದುರು ಅಂಚಿಗೆ ಎಲ್ಲಿ ಒದೆಯಬೇಕು ಎನ್ನುವುದು ಅವನ ಕಾಲಿಗೇ ಗೊತ್ತಿತ್ತು. ಕಾಲು ಹಳೆಯ ಗುಂಡಿಯನ್ನೇ ದಾಟಿತು. ತಡೆಯಬಾರದ ಕಡೆ ತಡೆದ, ಒದೆಯಬಾರದ ಕಡೆ ಒದ್ದ. ಹಸಿ ಮಣ್ಣಿನಲ್ಲಿ ಚಕ್ರಗಳು ಸುಮ್ಮನೆ ಗಿರಗಿರ ತಿರುಗಿದವು. ಇನ್ನೊಮ್ಮೆ ಒತ್ತಿದ, ಗಾಡಿ ಇನ್ನೂ ಆಳಕ್ಕೆ ಕೂತಿತು, ಮತ್ತೊಮ್ಮೆ ಒತ್ತಿದಾಗ ಹೊಟ್ಟೆಯವರೆಗೆ ಹೂತುಹೋಯಿತು. ಎಲ್ಲೂ ಸಿಕ್ಕಿಬೀಳದ ಗಾಡಿ ಎಂದು ಗೇಟಿನ ಮೇಲೆ ಬರೆಸಿಕೊಂಡ ಕಂಪನಿಯ ಗಾಡಿಯನ್ನು, ಕೊಳ್ಳಲು ಬಂದವಳ ಎದುರಿಗೇ, ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸಬೇಕಾಯಿತು.

"ಏನಾಯ್ತು?" ಎಂದು ಮ್ಯಾನೇಜರ್ ಕಿರುಚಿದ. ಮೇಸ್ತ್ರಿ ಸಲಿಕೆ ಹಿಡಿದು ನಿಂತಿದ್ದ.

"ಗಾಡಿದೇನೂ ತಪ್ಪಿಲ್ಲ ಮೇಡಂ" ಎಂದ ತಮ್ಮ, ಬಾಗಿಲು ಹಿಡಿದು ನಿಧಾನಕ್ಕೆ ಇಳಿಯುತ್ತ. "ನನ್ನ ಕಾಲು ತಪ್ತು. ಗಾಡಿ ಅಂದ್ರೆ ಚಿನ್ನ." ಅಣ್ಣನ ಕಡೆ ಅವನು ನೋಡಲೇ ಇಲ್ಲ.

ಪರವಾಗಿಲ್ಲ ಎಂದಳು ಆಕೆ. ಬೂಟಿನ ಕೆಸರನ್ನು ಕಲ್ಲಿಗೆ ಒರೆಸಿ ಹೋದವಳು ಮತ್ತೆ ಬರಲಿಲ್ಲ. ಲೆಕ್ಕಪತ್ರ ಹೊಂದಲಿಲ್ಲ ಎಂದರು ಕೆಲವರು, ಅವಳಿಗೇ ಸಾಲ ಸಿಗಲಿಲ್ಲ ಎಂದರು ಇನ್ನು ಕೆಲವರು. ನಿಜ ಏನಿತ್ತೋ. ಮೇಸ್ತ್ರಿಗೆ ಮಾತ್ರ ಆ ಗಿರಗಿರ ತಿರುಗುವ ಚಕ್ರದ ಸದ್ದು ಕಿವಿ ಬಿಟ್ಟು ಹೋಗಲಿಲ್ಲ.

ಹೋತದ ತಲೆ ಒಬ್ಬನಿಗೆ ಹೋಯಿತು, ಜಾಗ ಇನ್ನೊಬ್ಬನಿಗೆ. ಆ ತಲೆಯನ್ನು ಇನ್ನುಮುಂದೆ ಅಂಗಡಿಬೀದಿಯಲ್ಲಿ ಓಡಾಡುವ ನುಣುಪು ಕಾರುಗಳಿಗೆ ಅಂಟಿಸುತ್ತಾರಂತೆ. ಜಾಗ ಕೊಂಡವನು ಬಯಲನ್ನು ಮಟ್ಟ ಮಾಡಿಸಲು ಆಳು ಹುಡುಕಿದ. ಮೇಸ್ತ್ರಿಗೆ ಸಿಕ್ಕ ಕೊನೆಯ ಕೆಲಸ ಅದೇ. ಒಂದು ಜನ್ಮದಲ್ಲಿ ತೋಡಿದ್ದನ್ನೆಲ್ಲ ಅವನು ತನ್ನ ಕೈಯಾರೆ ಮುಚ್ಚಿದ.

ಅಜ್ಜಿಗುಂಡಿಯ ಸರದಿ ಬಂದ ದಿನ ತಮ್ಮ ಕೋಲೂರಿಕೊಂಡು ಬಂದು ಕಲ್ಲಿನ ಮೇಲೆ ಕೂತ. ಮೇಸ್ತ್ರಿ ಮಣ್ಣು ಎಳೆಯುತ್ತಲೇ ಇದ್ದ, ಆಮೇಲೆ ಸಲಿಕೆ ಬಿಟ್ಟ.

"ಆವತ್ತು ಇದನ್ನ ತುಂಬಿದ್ದು ನಾನು ಕಣೋ."

"ಗೊತ್ತು. ಚಕ್ರ ಇಳಿದ ಕೂಡ್ಲೇ ಗೊತ್ತಾಯ್ತು. ಮೆತ್ತಗಿತ್ತು. ಇಷ್ಟು ವರ್ಷದಲ್ಲಿ ನೀನು ನನಗೆ ಯಾವತ್ತೂ ಮೆತ್ತಗೆ ಮಾಡಿದೋನಲ್ಲ."

"ನಿನ್ನ ಬೆನ್ನು..."

"ನಂದೇ ಬೆನ್ನು ಅಲ್ವಾ ಅಣ್ಣ. ಅದೊಂದು ಸಲ ಮುರಿದ್ರೂ ಪರವಾಗಿಲ್ಲ, ಅಜ್ಜೀನ ಚೆನ್ನಾಗಿ ದಾಟಿ ತೋರಿಸ್ಬೇಕು ಅಂತಿದ್ದೆ. ಒಂದು ಮಾತು ಕೇಳ್ಬೇಕಿತ್ತು ನನ್ನ."

ತಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ. ಅವನು ಮುಖ ತಿರುಗಿಸಿ ಅತ್ತ. ಅತ್ತು ಮುಗಿಸಿ, ಉಳಿದ ಮಣ್ಣನ್ನೂ ಎಳೆದು, ಬಡಿದು ಮಟ್ಟ ಮಾಡಿದ.

"ಕೈ ಕೊಡು" ಎಂದ ತಮ್ಮ. ಹುಟ್ಟಿದ ಮೇಲೆ ಅವನು ಅಣ್ಣನ ಕೈ ಕೇಳಿದ್ದು ಅದೇ ಮೊದಲು. ಮೇಸ್ತ್ರಿ ಎಳೆದು ನಿಲ್ಲಿಸಿದ. ಇಬ್ಬರೂ ಮನೆಯ ಕಡೆ ಹೊರಟರು. ಎದುರಿಗೆ ಬಯಲು ಅಂಗೈ ಹಾಗೆ ನುಣ್ಣಗಿತ್ತು, ಒಂದು ಗುಂಡಿಯೂ ಉಳಿದಿರಲಿಲ್ಲ. ಆದರೂ ಅಜ್ಜಿಗುಂಡಿ ಇದ್ದ ಜಾಗಕ್ಕೆ ಬಂದಾಗ ತಮ್ಮ ತಲೆ ಬಗ್ಗಿಸಿದ. ಬೆನ್ನು ನೋಯುತ್ತದೆಂದು ಗೊತ್ತಿದ್ದೂ ಬಗ್ಗಿಸಿದ, ಅಣ್ಣನೂ ಅವನ ಜೊತೆಗೆ ಬಗ್ಗಿಸಿದ.