ಸುಮ್ಮನಾಗದ ಕೋಶ

ಸಾದಾ ನೀರಿರಬೇಕಿದ್ದ ಬಾಟಲಿಯ ಮೂತಿಯಿಂದ ಒಂದು ಹನಿ ನಾಲಗೆಗೆ ಹಚ್ಚಿಕೊಂಡೆ. ಉಪ್ಪು.

ಲ್ಯಾಬಿನ ಇಲಿಗಳ ಕೋಣೆ ಹತ್ತೊಂಬತ್ತು ವರ್ಷದಿಂದ ನನ್ನ ಸುಪರ್ದಿಯಲ್ಲಿದೆ. ಅಲ್ಲಿ ಎರಡು ಸಾಲು ಪಂಜರ. ಮೇಲಿನ ಸಾಲು ಬಾಯಾರಿಕೆಯ ಪ್ರಯೋಗದ್ದು, ಅವಕ್ಕೆ ಉಪ್ಪುನೀರು. ಆ ಪ್ರಯೋಗದವನು ರಜೆಯಲ್ಲಿದ್ದ. ಕೆಳಗಿನ ಸಾಲು ನನ್ನ ಅಕ್ಕನ ಮಗಳದ್ದು, ಅವಕ್ಕೆ ಸಾದಾ ನೀರು. ಎರಡು ಡ್ರಮ್ಮುಗಳೂ ನೋಡಲು ಒಂದೇ, ಉಪ್ಪಿನದಕ್ಕೆ ಮಾತ್ರ ಕೆಂಪು ಮುಚ್ಚಳ. ತಿಂಗಳಿಗಾಗುವಷ್ಟು ನೀರು ತುಂಬಿಸಿ, ಮುಚ್ಚಳಗಳನ್ನು ಕುದಿಸಿ ಹಾಕುವಾಗ ಅದಲುಬದಲು ಮಾಡಿದ್ದೆ. ಮೂರು ವಾರದಿಂದ ಅವಳ ಇಲಿಗಳು ಉಪ್ಪು ಕುಡಿಯುತ್ತಿದ್ದವು.

ಅವಳ ಕೆಲಸ ಸಣ್ಣದಲ್ಲ. ಮಂಪರಿನಲ್ಲಿರುವ ಇಲಿಯ ಮಿದುಳಿಗೆ ಕೂದಲಿಗಿಂತ ಸಣ್ಣ ಸೂಜಿ ಇಳಿಸಿ ಒಂದೇ ಒಂದು ಕೋಶವನ್ನು ಹಿಡಿಯಬೇಕು. ಮೈಯಲ್ಲಿ ನೀರು ಉಳಿಸುವ ಹಾರ್ಮೋನನ್ನು ರಕ್ತಕ್ಕೆ ಬಿಡುವ ಕೋಶ ಅದು. ಅದು ಮಿಡಿದಾಗಲೆಲ್ಲ ಸ್ಪೀಕರಿನಲ್ಲಿ ಚಟಪಟ ಸದ್ದು. ಆಗ ರಕ್ತದೊತ್ತಡ ಏರಿಸುವ ಚುಚ್ಚುಮದ್ದು ಕೊಡುತ್ತಾರೆ. ಕತ್ತಿನ ರಕ್ತನಾಳದ ಗೋಡೆಯಲ್ಲಿ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಗೋಡೆ ಹಿಗ್ಗಿತೋ, ಅವು ಮಿದುಳಿಗೆ ಚಾಡಿ ಹೇಳುತ್ತವೆ, ಕೋಶ ತೆಪ್ಪಗಾಗುತ್ತದೆ. ನಮ್ಮ ಲ್ಯಾಬಿನಲ್ಲಿ ಆ ಮೌನವೇ ಸರ್ಟಿಫಿಕೇಟು. ಸದ್ದು ನಿಲ್ಲದಿದ್ದರೆ ಹಿಡಿದದ್ದು ತಪ್ಪು ಕೋಶ ಎಂದರ್ಥ, ಇಲಿ ದಂಡ.

ಅವಳ ಎಂಟು ಇಲಿಗಳು ಹಾಗೆ ದಂಡವಾಗಿದ್ದವು. ಶುಕ್ರವಾರ ಲ್ಯಾಬಿನ ಮುಖ್ಯಸ್ಥರಾದ ಸಾಹೇಬರ ಕಣ್ಣೆದುರೇ ಕೊನೆಯ ಇಲಿ. ಅದೂ ತಪ್ಪಿದರೆ ಲ್ಯಾಬಿನಿಂದ ಹೊರಗೆ. ನಾನು ಉಪ್ಪಿನ ರುಚಿ ನೋಡಿದ್ದು ಗುರುವಾರ.

ಅವತ್ತೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಹೆಸರಿನಲ್ಲಿ ಆಗಲೇ ಎರಡು ಎಚ್ಚರಿಕೆಯ ಪತ್ರಗಳಿದ್ದವು. ಮೂರನೆಯದು ಬಂದರೆ ಮನೆಗೆ ನಡೆ ಎಂದೇ ಲೆಕ್ಕ. ಉಪ್ಪುನೀರನ್ನೆಲ್ಲ ಸಿಂಕಿಗೆ ಸುರಿದು, ಡ್ರಮ್ಮು, ಬಾಟಲಿಗಳನ್ನು ತೊಳೆದು, ಸಾದಾ ನೀರು ತುಂಬಿಸಿ, ಇನ್ನೊಂದು ಡ್ರಮ್ಮಿಗೆ ಉಪ್ಪು ಬೆರೆಸಿದೆ. ಮುಚ್ಚಳಗಳನ್ನು ಈ ಸಲ ನೋಡಿ ನೋಡಿ ಹಾಕಿದೆ.

ಅಷ್ಟರಲ್ಲಿ ಅವಳು ಬಂದಳು.

“ಮಾವ, ಆ ಎಂಟು ಇಲಿಗಳ ಥರಾನೇ ಇದೂ ಸಿಕ್ಕಾಪಟ್ಟೆ ನೀರು ಕುಡೀತಿದೆ. ಪಂಜರ ಎಲ್ಲಾ ಒದ್ದೆ. ನೀರಲ್ಲೇನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ?”

“ನಿನ್ನ ಕೈ ನಡುಗಿದ್ರೆ ನನ್ನ ಮೇಲೆ ಗೂಬೆ ಕೂರಿಸ್ತೀಯಾ? ಅವರಿವರ ಕಾಲು ಹಿಡಿದು ನಿನ್ನ ಇಲ್ಲಿಗೆ ಸೇರಿಸಿದ್ದಕ್ಕೆ ಇದೇನಾ?”

“ಹಾಗಲ್ಲ ಮಾವ...” ಎಂದಳು. ಮುಖ ಚಿಕ್ಕದು ಮಾಡಿಕೊಂಡು ಹೋದಳು. ಕೋಪ ಬಂದಂತೆ ನಟಿಸಲು ಹೊರಟವನಿಗೆ ನಿಜವಾಗಿಯೇ ಕೋಪ ಬಂದಿತ್ತು. ತಪ್ಪು ಮಾಡಿದವನಿಗೆ ಬರುವ ಕೋಪ ಬಲು ಸೊಗಸಾಗಿರುತ್ತದೆ.

ಶುಕ್ರವಾರ ಬೆಳಗ್ಗೆ ಎಲ್ಲರೂ ಮೇಜಿನ ಸುತ್ತ ನೆರೆದರು. ಸಾಹೇಬರು ತಮ್ಮ ಪದ್ಧತಿಯಂತೆ ಕಣ್ಣು ಮುಚ್ಚಿ ಒಂದು ಬೆರಳು ಎತ್ತಿ ನಿಂತರು. ಸದ್ದು ನಿಂತ ಕ್ಷಣ ಆ ಬೆರಳು ಇಳಿಯಬೇಕು. ಅವಳು ಚುಚ್ಚುಮದ್ದು ಕೊಟ್ಟಳು. ಒತ್ತಡ ನೂರರಿಂದ ನೂರನಲವತ್ತಕ್ಕೆ ಏರಿತು. ಸದ್ದು ನಿಲ್ಲಲಿಲ್ಲ, ಇನ್ನೂ ಜೋರಾಯಿತು. ಒಂದೇ ದಿನದ ಸಾದಾ ನೀರು ಯಾವ ಮಿದುಳನ್ನು ಸರಿಮಾಡೀತು?

ಸಾಹೇಬರು ಕಣ್ಣು ಬಿಟ್ಟರು. “ಈ ಕೈಗೆ ಸೂಜಿ ಯಾರಮ್ಮಾ ಕೊಟ್ಟಿದ್ದು? ಹೋಗು, ಮನೇಲಿ ಕೂತು ಶರ್ಟಿಗೆ ಗುಂಡಿ ಹೊಲಿ.” ಅವರು ನಕ್ಕರು. ಅವರು ನಕ್ಕದ್ದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ.

“ಸಾರ್, ಒಂಬತ್ತೂ ಒಂದೇ ಥರ ಮಾಡಿವೆ,” ಎಂದಳು ಅವಳು. “ಕೈ ತಪ್ಪಿದ್ರೆ ಒಂದೊಂದ್ಸಲ ಒಂದೊಂದು ಥರ ಆಗ್ಬೇಕಲ್ವಾ? ನನಗೆ ನೀರಿನ ಮೇಲೆ ಅನುಮಾನ.”

ಸಾಹೇಬರ ದನಿ ಏರಿತು. “ಏನಯ್ಯಾ, ನೀರು ಸರಿ ಇತ್ತಾ?”

ಅವರ ದನಿ ಏರಿದರೆ ಲ್ಯಾಬಿನಲ್ಲಿ ಎಲ್ಲರೂ ತೆಪ್ಪಗಾಗುತ್ತಾರೆ. ಅವಳು ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಆಪಾದನೆ ಇರಲಿಲ್ಲ, ಆಸೆ ಇತ್ತು. ನಾನು ಡ್ರಮ್ಮಿನಿಂದ ಒಂದು ಲೋಟ ನೀರು ತಂದು ಎಲ್ಲರೆದುರು ಗಟಗಟ ಕುಡಿದೆ.

“ಸಾದಾ ನೀರೇ ಸಾರ್. ನೀವೂ ನೋಡಿ ಬೇಕಾದ್ರೆ.”

ಯಾರೂ ನೋಡಲಿಲ್ಲ. ಅವಳು ಕೋಟು ಬಿಚ್ಚಿ, ಮಡಿಸಿ, ಕುರ್ಚಿಯ ಮೇಲಿಟ್ಟು ಹೋದಳು. ಇಲಿಯನ್ನು ನಾನು ಚೀಲಕ್ಕೆ ಹಾಕಿದೆ.

ನಾಲ್ಕು ತಿಂಗಳ ಮೇಲೆ ಸಾಹೇಬರು ಕರೆದರು. ಅವಳು ಬಿಟ್ಟುಹೋದ ಧ್ವನಿಮುದ್ರಣಗಳನ್ನು ಕೇಳುತ್ತಾ ಕೂತಿದ್ದರು.

“ಒಂಬತ್ತೂ ಒಂದೇ ಥರ. ಉಪ್ಪುನೀರು ಕುಡಿಸಿದ್ದೀಯ, ಅಲ್ವಾ? ನಿಜ ಬೊಗಳು.”

ಕೈಮುಗಿದು ಎಲ್ಲವನ್ನೂ ಒಪ್ಪಿಕೊಂಡೆ. ಮನೆಗೆ ಕಳಿಸುತ್ತಾರೆಂದುಕೊಂಡರೆ ಬೆನ್ನು ತಟ್ಟಿದರು.

“ಭೇಷ್! ಉಪ್ಪು ಕುಡಿದ ಮಿದುಳಲ್ಲಿ ಎಲ್ಲಾ ತಲೆಕೆಳಗಾಗಿದೆ ಕಣಯ್ಯಾ. ಸುಮ್ಮನಿರು ಅಂತ ಹೇಳ್ಬೇಕಾದ ನರವೇ ಈಗ ಕಿರುಚು ಅಂತಿದೆ. ಒತ್ತಡ ಏರಿದಷ್ಟೂ ಹಾರ್ಮೋನು, ಹಾರ್ಮೋನಿನಿಂದ ಇನ್ನಷ್ಟು ಒತ್ತಡ. ಇಪ್ಪತ್ತು ಇಲಿಗೆ ಮತ್ತೆ ಕುಡಿಸು, ಈ ಸಲ ಬೇಕಂತಲೇ.”

“ಹುಡುಗಿಗೆ ತಿಳಿಸೋದಾ ಸಾರ್?”

“ಯಾವ ಹುಡುಗಿ?” ಎಂದರು.

ನಾನು ಮತ್ತೆ ಕೇಳಲಿಲ್ಲ. ಲೇಖನ ಅವರ ಹೆಸರಿನಲ್ಲಿ ಬಂತು. ಕೊನೆಯ ಸಾಲಿನಲ್ಲಿ ಇಲಿಗಳ ಆರೈಕೆಗಾಗಿ ನನಗೂ ಧನ್ಯವಾದ ಹೇಳಿದ್ದರು.

ಮೊನ್ನೆ ಅಕ್ಕ ಫೋನು ಮಾಡಿದ್ದಳು. “ನೀನು ಅಷ್ಟು ಕಷ್ಟಪಟ್ಟು ಸೇರಿಸಿದ್ರೆ ಇವಳು ನಿನ್ನ ಮುಖಕ್ಕೆ ಮಸಿ ಬಳಿದ್ಲಲ್ಲೋ. ಈಗ ಔಷಧಿ ಅಂಗಡೀಲಿ ನಿಂತ್ಕೊಂಡು ಬಿಪಿ ಮಾತ್ರೆ ಮಾರ್ತಿದ್ದಾಳೆ. ಮಾವನ ಹತ್ರ ತಪ್ಪೊಪ್ಪಿಕೋ ಅಂತ ದಿನಾ ಬೈತೀನಿ. ತಗೋ, ಇಲ್ಲೇ ಇದ್ದಾಳೆ.”

ಫೋನು ಅವಳ ಕೈಗೆ ಹೋಯಿತು.

“ತಪ್ಪಾಯ್ತು ಮಾವ,” ಎಂದಳು. “ಸುಮ್ಮಸುಮ್ಮನೆ ನಿಮ್ಮ ಮೇಲೆ ಅನುಮಾನ ಪಟ್ಟೆ.”

“ಹೋಗ್ಲಿ ಬಿಡು ಪುಟ್ಟಿ,” ಎಂದೆ. “ನಾನೇನೂ ಮನಸಲ್ಲಿ ಇಟ್ಕೊಂಡಿಲ್ಲ.”